ಕೊಡೋ ಹಸು, ಹೊರೋ ಹಸು

ಬೆಳಗ್ಗೆ ಆರು ಗಂಟೆಗೆ ಸರಿಯಾಗಿ ರಾಣಿಯ ಕೊರಳಿನ ಪಟ್ಟಿ ಮೆಲ್ಲಗೆ ‘ಗುಂಯ್’ ಎಂದಿತು. ಹಸು ಮೇವು ಅಗಿಯುವುದನ್ನು ನಿಲ್ಲಿಸಲಿಲ್ಲ. ಸೂಜಿಯಿಲ್ಲ, ಒದೆತವಿಲ್ಲ, ಹಿಡಿದು ನಿಲ್ಲಲು ನಾಲ್ಕು ಜನ ಬೇಕಿಲ್ಲ. ಪಟ್ಟಿಯ ಒಳಮೈಯಿಂದ ಹನಿಯಷ್ಟು ಚೋದಕ, ಅಂದರೆ ಹಾರ್ಮೋನು, ಚರ್ಮ ದಾಟಿ ರಕ್ತ ಸೇರಿತು. ಮೇಲಿನ ಪುಟ್ಟ ದೀಪ ಹಸಿರಾಗಿ ಒಮ್ಮೆ ಮಿನುಗಿ ಆರಿತು. ಮೋಟುಗೋಡೆಯ ಈಚೆ ಸಗಣಿ ಬಾಚುತ್ತಿದ್ದ ಹೇಮಶ್ರೀ ಅದನ್ನು ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು.

ಡಾ. ಅನಘಾ ದೇಸಾಯಿ ಈ ಚೋದಕಪಟ್ಟಿಯನ್ನು ಕಂಡುಹಿಡಿಯುವ ಮೊದಲು ಒಂದು ಒಳ್ಳೆಯ ಹಸುವಿನಿಂದ ಹೆಚ್ಚು ಕರು ಪಡೆಯುವುದು ದೊಡ್ಡ ರಾಮಾಯಣವಾಗಿತ್ತು. ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬಂದಾಗ ಸಾಮಾನ್ಯವಾಗಿ ಒಂದೇ ಅಂಡ ಬಿಡುತ್ತದೆ. ಒಳಗೆ ಹತ್ತಾರು ಅಂಡಗಳು ಬೆಳೆಯಲು ಹೊರಟಿರುತ್ತವೆ ನಿಜ, ಆದರೆ ಒಂದು ಮುಂದೆ ಹೋಯಿತೆಂದರೆ ಉಳಿದವು ಬಾಡುತ್ತವೆ. ಬಾಡದಂತೆ ಚೋದಕ ದ್ರವ್ಯ ಕೊಟ್ಟರೆ ಅವೂ ಬಲಿಯುತ್ತವೆ. ಹಿಂದೆ ಇದಕ್ಕೆ ದಿನಕ್ಕೆರಡರಂತೆ ನಾಲ್ಕು ದಿನ ಚುಚ್ಚುಮದ್ದು ಹಾಕುತ್ತಿದ್ದರು. ಅಷ್ಟು ಮಾಡಿದರೂ ಒಂದು ಹಸು ಇಪ್ಪತ್ತು ಭ್ರೂಣ ಕೊಟ್ಟರೆ ಪಕ್ಕದ್ದು ಸೊನ್ನೆ. ಪಟ್ಟಿ ಹಾಗಲ್ಲ. ಅದು ಹಸುವಿನ ರಕ್ತವನ್ನು ಕ್ಷಣಕ್ಷಣಕ್ಕೂ ಓದಿ, ಆ ಹಸುವಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತದೆ. ಬೆದೆಯ ದಿನ ಒಳ್ಳೆಯ ಹೋರಿಯ ವೀರ್ಯ ಹಾಕುತ್ತಾರೆ. ಅದಾದ ಏಳನೆಯ ದಿನ ಸಂಗ್ರಹ ವಾಹನ ಬರುತ್ತದೆ. ಅಲ್ಲಿ ಗರ್ಭಕೋಶವನ್ನು ತೊಳೆದು ಭ್ರೂಣಗಳನ್ನು ತೆಗೆದು, ಹೆಣ್ಣುಭ್ರೂಣಗಳನ್ನು ಮಾತ್ರ ಆರಿಸಿ, ಒಂದೊಂದನ್ನು ಒಂದೊಂದು ಸಾಧಾರಣ ಹಸುವಿನ ಗರ್ಭದಲ್ಲಿ ಇಡುತ್ತಾರೆ. ಆ ಸಾಧಾರಣ ಹಸುವಿನ ಕೊರಳಿಗೂ ನೋಡಲು ಅಂಥದೇ ಪಟ್ಟಿ. ಗರ್ಭವನ್ನು ಅದೇ ದಿನಕ್ಕೆ ಹದ ಮಾಡಿಡುವುದು ಅದರ ಕೆಲಸ.

ಡಾಕ್ಟರು ಮೊದಲನೆಯ ಹಸುವನ್ನು ‘ಭ್ರೂಣದಾತೆ’ ಎಂದರು, ಎರಡನೆಯದನ್ನು ‘ಭ್ರೂಣಧಾರಕಿ’ ಎಂದರು. ಚಿಕ್ಕಾಡೆಕೊಪ್ಪಲಿನವರ ನಾಲಗೆಗೆ ಅದು ಹತ್ತಲಿಲ್ಲ. ಕೊಡೋ ಹಸು, ಹೊರೋ ಹಸು ಎಂದರು, ಅದೇ ನಿಂತಿತು. ಹುಟ್ಟಿದ ಕರು ಹೊತ್ತ ಹಸುವಿನ ಮನೆಯವರಿಗೆ ಸೇರುತ್ತಿತ್ತು. ಡೇರಿಯ ವಂಶಾವಳಿಯಲ್ಲಿ ಮಾತ್ರ ಕೊಟ್ಟ ಹಸುವಿನ ಹೆಸರು ಏರುತ್ತಿತ್ತು.

ರಾಣಿ ಮೂರು ವರ್ಷದಿಂದ ಕೊಡೋ ಹಸು. ಅದರ ಒಡತಿ ವರ್ಷಿಣಿ, ಹೇಮಶ್ರೀಯ ಓರಗಿತ್ತಿ. ಹೆಸರು ಕೇಳಿ ಹುಡುಗಿಯರೆಂದುಕೊಳ್ಳಬೇಡಿ. ಆ ಹೊತ್ತಿಗೆ ಹೇಮಶ್ರೀ, ವರ್ಷಿಣಿ ಎಂಬುವೆಲ್ಲ ಅಜ್ಜಿಯರ ಹೆಸರಾಗಿದ್ದವು, ಇಬ್ಬರಿಗೂ ಐವತ್ತು ದಾಟಿತ್ತು. ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಸೂರಿನವರೆಗೆ ಗೋಡೆ ಎದ್ದಿತ್ತು, ಕೊಟ್ಟಿಗೆಯಲ್ಲಿ ಮಾತ್ರ ಎದೆಮಟ್ಟಕ್ಕೆ ನಿಲ್ಲಿಸಿದ್ದರು. ಆ ಗೋಡೆ ಇನ್ನೆರಡು ಮೊಳ ಎತ್ತರವಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಡೇರಿಯ ಗೋಡೆಯ ಮೇಲೆ ರಾಣಿಯ ಪಟ ತೂಗುಹಾಕಿದ್ದರು. ಹಾಲು ಹಾಕುವವರು ಅದರ ಮುಂದೆಯೇ ಸಾಲು ನಿಲ್ಲಬೇಕು. ‘ನಮ್ಮನೇದು ರಾಣಿ ಕರು ಕಣವ್ವ’ ಎಂದು ಯಾರಾದರೂ ಬೀಗಿದರೆ ಹೇಮಶ್ರೀಗೆ ಕೈಲಿದ್ದ ಕ್ಯಾನು ಭಾರವಾಗುತ್ತಿತ್ತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದರಲ್ಲಿ ಅರ್ಥವಿಲ್ಲ.

ಆದರೆ ಅದಕ್ಕೊಂದು ಬೇರಿತ್ತು. ಆ ಸೀಮೆಯಲ್ಲಿ ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಒಂದು ಕಡಸನ್ನು ಬಳುವಳಿಯಾಗಿ ತರುವುದು ಪದ್ಧತಿ. ಆ ಹಸು, ಅದರ ಮಗಳು, ಮೊಮ್ಮಗಳು ಹೀಗೆ ಹೆಣ್ಣುಸಂತತಿ ಕೊಟ್ಟಿಗೆಯಲ್ಲಿ ಇರುವಷ್ಟು ಕಾಲ ತವರಿನ ಬಾಗಿಲು ತೆರೆದಿರುತ್ತದೆ ಎಂದು ಹೆಂಗಸರು ನಂಬುತ್ತಿದ್ದರು. ರಾಣಿಯದು ವರ್ಷಿಣಿಯ ತವರಿನ ಸಂತತಿ. ಹೇಮಶ್ರೀಯ ಹಸು ಚುಕ್ಕಿಯದು ಅವಳ ತವರಾದ ಮಾಚಲಾಪುರದ ಸಂತತಿ. ಮಾಚಲಾಪುರದಲ್ಲಿ ಈಗ ಹೇಮಶ್ರೀಯನ್ನು ‘ಬಾರವ್ವ’ ಎನ್ನುವವರು ಯಾರೂ ಉಳಿದಿರಲಿಲ್ಲ, ಉಳಿದಿದ್ದು ಚುಕ್ಕಿ ಒಂದೇ. ಅದೂ ಸಾಲಾಗಿ ಮೂರು ಗಂಡುಕರು ಹಾಕಿತ್ತು. ವಯಸ್ಸು ಹತ್ತಾಗಿತ್ತು. ಇನ್ನೊಂದು ಸೂಲು ಬಂದರೆ ಹೆಚ್ಚು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಹೀಗಿರುವಾಗ ಹೇಮಶ್ರೀಯ ಗಂಡ ಶಿವನಂಜಪ್ಪ ಡೇರಿ ಸಭೆಗೆ ಹೋಗಿ ಬಂದವನು, ಬೂಟು ಬಿಚ್ಚುತ್ತಾ ಹೇಳಿದ: “ಚುಕ್ಕೀನ ಹೊರೋ ಹಸು ಲಿಸ್ಟಿಗೆ ಸೇರಿಸಿವ್ನಿ. ವರ್ಷದ ಮೇವು ಡೇರಿಯೋರ್ದೇ.”

“ಯಾರ ಕರು ಹೊರಕ್ಕೆ?”

“ರಾಣೀದೇ. ಇನ್ಯಾರ್ದು? ಹೆಂಗಿದ್ರೂ ಕರು ನಮ್ದೇ ಅಲ್ವಾ?”

“ಕೊನೇ ಸೂಲು ಕಣ್ರೀ ಅದು! ನನ್ನ ತವರಿನ ಹಸು ಹೊಟ್ಟೇಲಿ ಅವಳ ತವರಿನ ಕರು ಇಡ್ತೀರಾ?”

“ಹಸೂಗೆ ಎಲ್ಲೀ ತವರೇ?” ಎಂದು ನಕ್ಕು ಆತ ಕೈಕಾಲು ತೊಳೆಯಲು ಹೋದ. ಸಹಿ ಆಗಿಹೋಗಿತ್ತು. ಹೇಮಶ್ರೀ ಅಂದು ಊಟ ಮಾಡಲಿಲ್ಲ. ಗೋಡೆಯಾಚೆ ವರ್ಷಿಣಿ ರಾಣಿಗೆ ಬೂಸಾ ಕಲಸುತ್ತಾ ಜೋರಾಗಿ ಏನೋ ಹಾಡಿಕೊಳ್ಳುವುದು ಕೇಳಿಸುತ್ತಿತ್ತು. ಅವಳ ಹಾಡು ಕೂಡ ತನ್ನನ್ನು ಅಣಕಿಸಲೆಂದೇ ಇದೆ ಎನಿಸಿತು.

ಪಟ್ಟಿಗಳನ್ನು ಸೋಮವಾರ ಮಾತ್ರ ಬಿಚ್ಚುತ್ತಿದ್ದರು. ಅಂದು ಹಸುಗಳ ಮೈ ತೊಳೆಯುವುದು, ಸೋಪಿನ ನೀರು ಹೊಕ್ಕರೆ ಪಟ್ಟಿಯ ಒಳಮೈ ಕಟ್ಟಿಕೊಳ್ಳುತ್ತದೆ. ಆ ಸೋಮವಾರ ಬೋರ್‌ವೆಲ್ ತೊಟ್ಟಿಯ ಹತ್ತಿರ ಎರಡೂ ಹಸುಗಳು ಒಟ್ಟಿಗೆ ನಿಂತಿದ್ದವು, ಎರಡೂ ಪಟ್ಟಿಗಳು ಗೂಟಕ್ಕೆ ನೇತಾಡುತ್ತಿದ್ದವು. ಮಾರನೆಯ ದಿನದಿಂದ ಚೋದಕದ ಸುತ್ತು ಶುರು, ಅದು ಮುಗಿಯುವವರೆಗೆ ಪಟ್ಟಿ ಬಿಚ್ಚುವ ಹಾಗಿಲ್ಲ. ಮೈ ತೊಳೆದಾಗಿತ್ತು, ವರ್ಷಿಣಿ ಗೊರಸು ಉಜ್ಜುವ ಬ್ರಷ್ ತರಲು ಒಳಗೆ ಹೋದಳು. ಹೇಮಶ್ರೀಯ ಕೈ ತಾನಾಗಿಯೇ ರಾಣಿಯ ಪಟ್ಟಿಗೆ ಹೋಯಿತು. ಅದನ್ನು ಚುಕ್ಕಿಯ ಕೊರಳಿಗೆ ಬಿಗಿದಳು, ಚುಕ್ಕಿಯದನ್ನು ರಾಣಿಗೆ ಬಿಗಿದಳು. ವರ್ಷಿಣಿ ಹೊರಬರುವಷ್ಟರಲ್ಲಿ ಅವಳು ಬಗ್ಗಿ ಚುಕ್ಕಿಯ ಗೊರಸು ತೊಳೆಯುತ್ತಿದ್ದಳು.

ಕಿವಿಗೆ ಹಳದಿ ಬಿಲ್ಲೆ ಚುಚ್ಚುವ ಹಳೆಯ ಪದ್ಧತಿ ಇದ್ದಿದ್ದರೆ ಈ ಕಳ್ಳತನ ಅರ್ಧ ದಿನ ನಿಲ್ಲುತ್ತಿರಲಿಲ್ಲ. ಪಟ್ಟಿ ಬಂದ ಮೇಲೆ ಬಿಲ್ಲೆ ಬೇಡವೆಂದು ತೆಗೆದುಹಾಕಿದ್ದರು. ಪಟ್ಟಿಯ ಸಂಖ್ಯೆಯೇ ಹಸುವಿನ ಗುರುತು. ಚುಕ್ಕಿಯ ಕೊರಳು ಸೇರಿದ ಪಟ್ಟಿಗೆ ರಕ್ತದ ಲೆಕ್ಕ ಹಿಂದಿನಂತಿಲ್ಲ ಎಂದು ತಿಳಿಯಿತು. ಆದರೆ ಹಸುವೇ ಬದಲಾಗಿದೆ ಎಂದು ಅನುಮಾನಿಸುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಹಸುವಿನ ಸ್ಥಿತಿ ಬದಲಾಗಿದೆ ಎಂದುಕೊಂಡು ಪ್ರಮಾಣವನ್ನು ಹೊಂದಿಸಿಕೊಂಡಿತು. ಬಹಳ ಬುದ್ಧಿಯಿರುವ ಯಂತ್ರಗಳು ಹೀಗೆಯೇ ಮೋಸಹೋಗುತ್ತವೆ.

ಬೆದೆಯ ದಿನ ಹಸುಗಳನ್ನು ಡೇರಿಯ ಅಂಗಳಕ್ಕೆ ಹೊಡೆದುಕೊಂಡು ಹೋಗಬೇಕಿತ್ತು. ಹೇಮಶ್ರೀ ಹೆದರಿ ಸಾಯುತ್ತಿದ್ದಳು. ವರ್ಷಿಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, “ಅಕ್ಕ, ನಂಗೆ ಸೊಂಟ ಹಿಡ್ಕೊಂಡೈತೆ. ರಾಣೀನೂ ನೀನೇ ಹೊಡ್ಕೊಂಡು ಹೋಗ್ಬುಡು” ಎಂದಳು. ಏಳನೆಯ ದಿನ ಸಂಗ್ರಹ ವಾಹನ ಬಂದಾಗಲೂ ಅಷ್ಟೇ. ಅಂದು ಸರಿಯಾಗಿ ತಾಲ್ಲೂಕಿನಲ್ಲಿ ಉತ್ತಮ ಭ್ರೂಣದಾತೆಯ ಒಡತಿಗೆ ಸನ್ಮಾನ. ವರ್ಷಿಣಿ ರೇಷ್ಮೆ ಸೀರೆಯುಟ್ಟು ಗಂಡನ ಜೊತೆ ಹೊರಟುಹೋದಳು. ಶಾಲು ಅವಳಿಗೆ, ಕೆಲಸ ನನಗೆ ಎಂದು ಹೇಮಶ್ರೀ ಹಲ್ಲು ಕಡಿದಳು. ಆಮೇಲೆ ಅಂದಿನ ಕೆಲಸ ಯಾವುದೆಂದು ನೆನಪಾಗಿ ತುಟಿಯಂಚಿನಲ್ಲೇ ನಕ್ಕಳು.

ವಾಹನದ ತಂತ್ರಜ್ಞ ನಾಗಭೂಷಣ ಇಪ್ಪತ್ತು ವರ್ಷ ಅನುಭವವಿದ್ದ ಮನುಷ್ಯ. ಆದರೆ ಅವನು ಹಸುವಿನ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಅವನು ನೋಡುತ್ತಿದ್ದುದು ಪರದೆಯನ್ನು. ಪರದೆಯಲ್ಲಿ ‘ರಾಣಿ’ ಎಂದು ಬಂತು, ಚುಕ್ಕಿಯನ್ನು ತೊಳೆದ. ‘ಚುಕ್ಕಿ’ ಎಂದು ಬಂತು, ರಾಣಿಗೆ ಒಂದು ಭ್ರೂಣ ಇಟ್ಟ. ಹೇಮಶ್ರೀ ಒಂದು ಸುಳ್ಳನ್ನೂ ಹೇಳಬೇಕಾಗಲಿಲ್ಲ.

“ಅಬ್ಬಾ! ಇಪ್ಪತ್ತೇಳು ಭ್ರೂಣ, ಅದರಲ್ಲಿ ಹದಿನಾಲ್ಕು ಹೆಣ್ಣು. ರಾಣಿ ಯಾವತ್ತೂ ಇಷ್ಟು ಕೊಟ್ಟಿರಲಿಲ್ಲ ಬಿಡಿ ಅಮ್ಮ!” ಎಂದ ನಾಗಭೂಷಣ. ಹೇಮಶ್ರೀಗೆ ಚುಕ್ಕಿಯ ಕೊರಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ಮಾಚಲಾಪುರದ ಹದಿನಾಲ್ಕು ಹೆಣ್ಣುಕರು! ಹದಿಮೂರು ಹೊರಗಿನ ಮನೆಗಳಿಗೆ, ಒಂದು ವರ್ಷಿಣಿಯ ರಾಣಿಯ ಹೊಟ್ಟೆಗೇ. ಮನೆಗೆ ಬಂದವಳೇ ಪಟ್ಟಿಗಳನ್ನು ಮೊದಲಿನಂತೆ ಬದಲಿಸಿದಳು.

ಎರಡು ತಿಂಗಳಾದ ಮೇಲೆ ನಾಗಭೂಷಣ ಗರ್ಭ ನೋಡಲು ಬಂದ. ಚುಕ್ಕಿ ಖಾಲಿ. ಅದೇನೂ ಹೊಸದಲ್ಲ, ಇಟ್ಟ ಭ್ರೂಣಗಳೆಲ್ಲ ನಿಲ್ಲುವುದಿಲ್ಲ. ಹೊರಗಿನ ಹದಿಮೂರೂ ಈ ಸಲ ನಿಂತದ್ದೇ ಹೆಚ್ಚು. ಆದರೆ ರಾಣಿ ಗಬ್ಬವಾಗಿತ್ತು.

“ತೊಳೆಯುವಾಗ ಒಂದು ಒಳಗೇ ಉಳಿದುಬಿಟ್ಟಿದೆ. ಒಮ್ಮೊಮ್ಮೆ ಹೀಗಾಗುತ್ತೆ” ಎಂದ ನಾಗಭೂಷಣ. “ಕೊಡೋ ಹಸು ಒಂಬತ್ತು ತಿಂಗಳು ಸುಮ್ಮನೆ ನಿಂತರೆ ನಷ್ಟ. ಪಟ್ಟಿಯಲ್ಲೇ ಚೋದಕ ಕೊಟ್ಟು ಗಬ್ಬ ಇಳಿಸಿಬಿಡ್ತೀನಿ.”

ಗೋಡೆಯ ಈಚೆ ಹೇಮಶ್ರೀ ಎಲ್ಲ ಕೇಳಿಸಿಕೊಂಡಳು. ಬಾಯಿ ತೆರೆಯುವ ಹಾಗಿಲ್ಲ. ತೆರೆದರೆ ಎಲ್ಲ ಹೊರಬೀಳುತ್ತದೆ.

ಅಷ್ಟರಲ್ಲಿ ವರ್ಷಿಣಿ ರಾಣಿಗೆ ಅಡ್ಡ ನಿಂತಿದ್ದಳು. “ಪಟ್ಟಿ ಮುಟ್ಟಿದ್ರೆ ನೋಡಿ!”

“ಅಮ್ಮ, ಡೇರಿಯವರು...”

“ಡೇರಿಯೋರಿಗೆ ನಾನ್ ಹೇಳ್ಕೋತೀನಿ. ಇದು ಹೆರ್ಲಿ. ಒಂದ್ಸಲ ಹೆರ್ಲಿ.”

ಹೇಮಶ್ರೀಗೆ ಉಸಿರು ಬಂತು, ಹಿಂದೆಯೇ ಹೊಸ ಉರಿಯೂ ಬಂತು. ತನ್ನ ಕರುವನ್ನು ಉಳಿಸಲು ತಾನು ಆಡಲಾರದ ಮಾತನ್ನು ಇವಳು ಎಷ್ಟು ಸಲೀಸಾಗಿ ಆಡಿದಳು!

ದಿನ ತುಂಬಿ ರಾಣಿ ಹೆಣ್ಣುಕರು ಹಾಕಿತು. ಹಣೆಯ ಮೇಲೆ ಚುಕ್ಕಿಗಿದ್ದಂಥದೇ ಬಿಳಿ ಬೊಟ್ಟು. ವರ್ಷಿಣಿ ಗಿಣ್ಣು ಕಾಸಿ, ಬೆಲ್ಲ ಏಲಕ್ಕಿ ಹಾಕಿ, ಊರಿನ ಮನೆಮನೆಗೂ ಹಂಚಿದಳು. ಹೇಮಶ್ರೀಗೆ ದೊಡ್ಡ ಬಟ್ಟಲು ತಂದಳು. “ಮೂರು ವರ್ಷದ ಮೇಲೆ ನಮ್ಮನೇಲಿ ಗಿಣ್ಣು ಕಣಕ್ಕ” ಎಂದಳು. ಕಣ್ಣು ಒದ್ದೆಯಾಗಿತ್ತು. ಗೋಡೆಯಾಚೆ ಕರು ಬಾಲ ಎತ್ತಿಕೊಂಡು ಕುಣಿಯುತ್ತಿತ್ತು, ರಾಣಿ ಅದನ್ನು ನೆಕ್ಕಿ ನೆಕ್ಕಿ ಮೈ ಮಿರಮಿರ ಮಾಡುತ್ತಿತ್ತು. ಈಚೆ ಚುಕ್ಕಿ ಒಂಟಿಯಾಗಿ ಮೆಲುಕು ಹಾಕುತ್ತಿತ್ತು. ಹೇಮಶ್ರೀ ಗಿಣ್ಣಿನ ಬಟ್ಟಲನ್ನು ಹಾಗೇ ಮುಚ್ಚಿಟ್ಟಳು.

ಇನ್ನು ಡೇರಿಯ ಸಾಲಿನ ಸಂಕಟ ಬೇರೆ. ‘ಈ ಸಲದ ರಾಣಿ ಕರುಗಳು ಮುಂಚಿನವುಕ್ಕಿಂತ ಭಾರಿ ಚೂಟಿ, ಒಂದಾದ್ರೂ ಕಾಯ್ಲೆ ಬೀಳ್ಲಿಲ್ಲ’ ಎಂದು ಜನ ಮಾತಾಡಿಕೊಂಡರೆ, ‘ರಾಣೀದಲ್ಲ ಕಣ್ರೋ, ನನ್ನ ಚುಕ್ಕೀದು’ ಎಂಬ ಮಾತು ನಾಲಗೆ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ತವರಿನ ಸಂತತಿಯನ್ನು ಅವಳು ಹದಿನಾಲ್ಕು ಮನೆಗಳಲ್ಲಿ ಉಳಿಸಿದ್ದಳು. ಹದಿನಾಲ್ಕೂ ಕಡೆ ಅದು ವರ್ಷಿಣಿಯ ತವರಿನ ಹೆಸರಿನಲ್ಲೇ ಬೆಳೆಯುತ್ತಿತ್ತು. ಕದ್ದವಳಿಗೆ ಕದ್ದದ್ದನ್ನು ತೊಟ್ಟುಕೊಂಡು ಓಡಾಡಲೂ ಆಗದ ಸ್ಥಿತಿ.

ಕರುಗಳಿಗೆ ತಿಂಗಳು ತುಂಬಿದಾಗ ಡಾ. ಅನಘಾ ದೇಸಾಯಿಯೇ ಚಿಕ್ಕಾಡೆಕೊಪ್ಪಲಿಗೆ ಬಂದರು. ಹಿಂದೆ ನಾಗಭೂಷಣ ತಲೆ ತಗ್ಗಿಸಿಕೊಂಡು ನಿಂತಿದ್ದ. ವರ್ಷಿಣಿಯ ಕೊಟ್ಟಿಗೆಯಲ್ಲಿ ಎರಡೂ ಮನೆಯವರು ಸೇರಿದರು.

“ಪ್ರತಿ ಕರುವಿನ ಕೂದಲು ತೆಗೆದು ವಂಶತಂತು ಪರೀಕ್ಷೆ ಮಾಡುತ್ತೇವೆ” ಎಂದರು ಡಾಕ್ಟರು. “ಮೈಯ ಪ್ರತಿ ಕಣದಲ್ಲೂ ತಾಯಿತಂದೆಯ ಗುರುತು ಇರುತ್ತದೆ. ಹೊತ್ತವಳ ಗುರುತು ಅದರಲ್ಲಿ ಬರುವುದಿಲ್ಲ, ಅಂಡ ಕೊಟ್ಟವಳದು ಬರುತ್ತದೆ. ಈ ಹದಿನಾಲ್ಕು ಕರುಗಳಲ್ಲಿ ಒಂದೂ ರಾಣಿಯದಲ್ಲ.”

“ಮತ್ತೆ ಯಾವುದರದು?” ಎಂದ ಶಿವನಂಜಪ್ಪ.

“ಚುಕ್ಕಿಯದು. ನಾಗಭೂಷಣ ಅಂದು ಹಸುಗಳನ್ನು ಅದಲುಬದಲು ಮಾಡಿದ್ದಾನೆ. ಇಂಥ ತಪ್ಪಿಗೆ ಕ್ಷಮೆಯಿಲ್ಲ. ಅವನನ್ನು ಕೆಲಸದಿಂದ ತೆಗೆಯುತ್ತಿದ್ದೇವೆ. ನಿಮಗೆ ಹೇಳಿಹೋಗಲು ಬಂದೆ.”

ಎಲ್ಲರ ಮುಂದೆ ಚುಕ್ಕಿಯ ಹೆಸರು! ಹೇಮಶ್ರೀ ಎಷ್ಟು ತಿಂಗಳಿಂದ ಈ ಮಾತಿಗಾಗಿ ಕಾದಿದ್ದಳು. ಸುಮ್ಮನಿದ್ದರೆ ಸಾಕು, ಹೆಸರೂ ಸಿಗುತ್ತದೆ, ಮಾನವೂ ಉಳಿಯುತ್ತದೆ. ನಾಗಭೂಷಣನ ಕಡೆ ನೋಡಿದಳು. ಪಾಪ, ತಾನೇ ತಪ್ಪು ಮಾಡಿದೆನೆಂದು ಅವನೂ ನಂಬಿಬಿಟ್ಟಿದ್ದ.

“ಅವ್ರದ್ದೇನೂ ತಪ್ಪಿಲ್ಲ ಡಾಕ್ಟ್ರಮ್ಮ” ಎಂದಳು ಹೇಮಶ್ರೀ. “ಪಟ್ಟಿ ಬದ್ಲಾಯಿಸ್ದೋಳು ನಾನು. ಹೊಟ್ಟೆಕಿಚ್ಚಿಗೆ ಮಾಡ್ದೆ. ನನ್ನ ತವರಿನ ಹಸು ಹೆಸರಿಲ್ದೆ ಹೋಗ್ತದಲ್ಲಾ ಅಂತ ಮಾಡ್ದೆ. ಏನ್ ಮಾಡ್ತೀರೋ ನನಗೇ ಮಾಡಿ.”

ಹೇಮಶ್ರೀ ವರ್ಷಿಣಿಯ ಬಯ್ಗುಳಕ್ಕೆ ಕಾದಳು. ವರ್ಷಿಣಿ ಕರುವಿನ ಕೊರಳಡಿಯ ಗಂಗೆದೊಗಲು ತುರಿಸುತ್ತಿದ್ದಳು, ಕೈ ತೆಗೆಯಲಿಲ್ಲ.

“ನಂಗೊತ್ತಿತ್ತು ಕಣಕ್ಕ” ಎಂದಳು.

“ಏನ್ ಗೊತ್ತಿತ್ತು?”

“ಆವತ್ತೇ ಗೊತ್ತಾಯ್ತು. ರಾಣಿ ಕೊರಳು ದಪ್ಪ, ಅದ್ರ ಪಟ್ಟೀಲಿ ಕೊನೇ ತೂತು ಅಗಲ ಆಗೈತೆ. ಬ್ರಷ್ ತಕ್ಕೊಂಡು ಬಂದು ನೋಡ್ದೆ, ಅದು ಚುಕ್ಕಿ ಕೊರಳಲ್ಲಿತ್ತು.”

“ಮತ್ತೆ... ಸೊಂಟನೋವು?”

“ನಂಗೆ ಯಾವ ಸೊಂಟನೋವೂ ಇರ್ಲಿಲ್ಲ ಬುಡು. ಸನ್ಮಾನಕ್ಕೂ ನಾನ್ ಹೋಗೋಳಲ್ಲ. ನೀನ್ ಮಾಡೋದ್ ಮಾಡ್ಲಿ ಅಂತ ಹೋದೆ.” ವರ್ಷಿಣಿ ಡಾಕ್ಟರ ಕಡೆ ತಿರುಗಿದಳು. “ಮೂರು ವರ್ಷ ಡಾಕ್ಟ್ರಮ್ಮ. ಎರಡೆರಡು ತಿಂಗಳಿಗೆ ತೊಳೀತೀರಿ, ತಕ್ಕೊಂಡ್ ಹೋಗ್ತೀರಿ. ತಾಲ್ಲೂಕಿಗೆಲ್ಲಾ ರಾಣಿ ಕರು, ನನ್ನ ಕೊಟ್ಟಿಗೇಲಿ ಒಂದ್ ಕರು ಇಲ್ಲ. ಹೆರ್ದೇ ಇದ್ರೆ ಹಾಲೆಲ್ಲಿ ಬಂತು? ಗೋಡೆ ಮೇಲೆ ನಮ್ಮ ಹಸೂದು ಪಟ, ಕಾಫಿಗೆ ಪ್ಯಾಕೆಟ್ ಹಾಲು. ಅಕ್ಕನ ಚುಕ್ಕಿ ಗಂಡುಕರು ಹಾಕಿದ್ರೂ ನಂಗೆ ಹೊಟ್ಟೆ ಉರೀತಿತ್ತು. ಅದು ನೆಕ್ಕೋದು ನೋಡೋಕಾಗ್ದೆ ನಾನು ಜೋರಾಗಿ ಹಾಡ್ ಹೇಳ್ಕೋತಿದ್ದೆ.”

ಡಾ. ಅನಘಾ ಅಲ್ಲೇ ಇದ್ದ ಒರಳುಕಲ್ಲಿನ ಮೇಲೆ ಕುಳಿತುಬಿಟ್ಟರು. ಅಂಡ ಎಷ್ಟು, ಭ್ರೂಣ ಎಷ್ಟು, ಚೋದಕ ಎಷ್ಟು ಎಂದು ಅವರ ಪಟ್ಟಿ ಎಲ್ಲವನ್ನೂ ಅಳೆದಿತ್ತು. ಊರಿನ ಅತ್ಯುತ್ತಮ ಹಸುವಿನ ಕೊಟ್ಟಿಗೆಯಲ್ಲೇ ಕರು ಇರುವುದಿಲ್ಲ ಎಂಬುದು ಯಾವ ಪರದೆಯಲ್ಲೂ ಕಂಡಿರಲಿಲ್ಲ.

ಮೂರು ವರ್ಷ ಗೋಡೆಯ ಈ ಬದಿ ತಾನು ಉರಿದದ್ದು, ಆ ಬದಿ ಅವಳು ಉರಿದದ್ದು. ಹೇಮಶ್ರೀಗೆ ಅಯ್ಯೋ ಎನಿಸಿತು. ಅದರ ಜೊತೆಗೇ, ತನ್ನ ಗುಟ್ಟನ್ನು ಅಷ್ಟೂ ತಿಂಗಳು ಇವಳು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ಚಪ್ಪರಿಸಿದಳಲ್ಲಾ ಎಂದು ಕೋಪವೂ ಬಂತು.

ನಾಗಭೂಷಣನ ಕೆಲಸ ಉಳಿಯಿತು. ವಂಶಾವಳಿಯಲ್ಲಿ ಹದಿನಾಲ್ಕು ಕರುಗಳ ಮುಂದೆ ‘ತಾಯಿ: ಚುಕ್ಕಿ, ಮಾಚಲಾಪುರದ ಸಂತತಿ’ ಎಂದು ತಿದ್ದಿದರು. ಹತ್ತು ವರ್ಷದ ಹಸು ಇಪ್ಪತ್ತೇಳು ಭ್ರೂಣ ಕೊಟ್ಟದ್ದು ಎಲ್ಲೂ ಕೇಳಿರದ ಸಂಗತಿ ಎಂದು, ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಚುಕ್ಕಿಯನ್ನೇ ಹೊಸ ಕೊಡೋ ಹಸುವಾಗಿ ಆರಿಸಿದರು. ರಾಣಿಯ ಪಟ ಇಳಿದು ಚುಕ್ಕಿಯ ಪಟ ಏರಿತು. ಹಾಲಿನ ಸಾಲಿನಲ್ಲಿ ಈಗ ಎಲ್ಲರೂ ಹೇಮಶ್ರೀಯನ್ನೇ ಮಾತಾಡಿಸುವವರು. ಎರಡು ವಾರ ಅವಳಿಗೆ ನೆಲ ಕಾಣಲಿಲ್ಲ.

ಮೂರನೆಯ ವಾರ ಕಂಡಿತು. ಬೆಳಗ್ಗೆ ಆರಕ್ಕೆ ಚುಕ್ಕಿಯ ಕೊರಳಿನ ಪಟ್ಟಿ ‘ಗುಂಯ್’ ಎನ್ನುವಾಗ ಗೋಡೆಯಾಚೆ ಕರು ರಾಣಿಯ ಕೆಚ್ಚಲಿಗೆ ಗುಮ್ಮುತ್ತಿತ್ತು. ಚುಕ್ಕಿ ಆ ಕಡೆ ಕತ್ತು ಚಾಚಿ ಮೂಸುತ್ತಿತ್ತು. ಅದರ ಕೆಚ್ಚಲು ಬತ್ತುತ್ತಾ ಬಂದಿತ್ತು. ಇನ್ನು ಇದು ಹೆರುವುದಿಲ್ಲ, ಬರೀ ಕೊಡುತ್ತದೆ ಎಂಬುದು ಹೇಮಶ್ರೀಗೆ ಆಗ ನಾಟಿತು. ವರ್ಷಿಣಿಯ ಮುಖದಲ್ಲಿ ಒಂಚೂರಾದರೂ ಅಸೂಯೆ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

ಬೆದೆಯ ದಿನಕ್ಕೆ ಮೊದಲೇ ಅವಳು ಪಟ್ಟಿ ಬಿಚ್ಚಿಕೊಂಡು ಹೋಗಿ ಡೇರಿಗೆ ಬಂದಿದ್ದ ಡಾಕ್ಟರ ಮುಂದೆ ಇಟ್ಟಳು. ಡಾಕ್ಟರಿಗೆ ಆಶ್ಚರ್ಯವಾಗಲಿಲ್ಲ. ಸುದ್ದಿ ಹರಡಿ ಆ ತಿಂಗಳು ತಾಲ್ಲೂಕಿನ ಒಂಬತ್ತು ಕೊಡೋ ಹಸುಗಳ ಮನೆಯವರು ಆಗಲೇ ಪಟ್ಟಿ ತಂದುಕೊಟ್ಟು, ಮೊದಲು ಒಂದು ಕರು ಎಂದು ಕೂತಿದ್ದರು.

“ಚುಕ್ಕಿ ಒಂದ್ಸಲ ಹೆರ್ಲಿ ಡಾಕ್ಟ್ರಮ್ಮ. ಹೆಸರು ಬಂತು, ಸಾಕು.”

“ಈ ವಯಸ್ಸಿಗೆ ತಾನಾಗಿ ಗಬ್ಬ ನಿಲ್ಲುವುದು ಕಷ್ಟ ತಾಯಿ. ಬೆಳೆದ ಭ್ರೂಣ ಇಟ್ಟರೆ ನಿಲ್ಲಬಹುದು. ಚುಕ್ಕಿಯ ಭ್ರೂಣ ಈಗ ನನ್ನ ಹತ್ತಿರ ಇಲ್ಲ, ಮತ್ತೆ ತೆಗೆದು ಇಡುವಷ್ಟು ಕಾಲ ಈ ಹಸುವಿಗಿಲ್ಲ. ಶೀತಕೋಶದಲ್ಲಿ ಉಳಿದಿರುವುದು ರಾಣಿಯ ಹಳೆಯವು ಎರಡು.” ಡಾಕ್ಟರು ತಡೆದು ಕೇಳಿದರು: “ಬೇಡ ಅಲ್ಲವೇ?”

ಹೇಮಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಇಡಿ, ರಾಣೀದೇ ಇಡಿ. ನನ್ನ ಕರು ಅವಳ ಕೊಟ್ಟಿಗೇಲಿ ಕುಣೀತಾ ಐತೆ, ಅವಳದು ನನ್ನ ಕೊಟ್ಟಿಗೇಲಿ ಕುಣೀಲಿ. ಅವಳೂ ಒಸಿ ಗೋಡೆ ಹತ್ರ ಬಂದು ನಿಂತ್ಕೊಂಡ್ ನೋಡ್ಲಿ.”